ಪಾರ್ಲೆ ಈಸ್ಟಾ, ವೆಸ್ಟಾ?

ವಿಲೆ ಪಾರ್ಲೆಯಲ್ಲಿ ಯಾರದಾದರೂ ಮನೆಗೆ ಹೋಗಬೇಕೆಂದರೆ ಬೀದಿಯ ಹೆಸರು, ಬಿಲ್ಡಿಂಗಿನ ಹೆಸರು ಎಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದದ್ದು ಈಸ್ಟಾ, ವೆಸ್ಟಾ ಅಂತ. ಊರಿಂದ ಬರುವ ನೆಂಟರಿಗೆ ಇದು ವಿಚಿತ್ರ. "ಸ್ಟೇಷನ್ ಹತ್ತಿರವೇ ಅಲ್ವಾ? ಹಾಗಾದರೆ ಯಾವ ಕಡೆ ಆದರೇನು?" ಎನ್ನುತ್ತಾರೆ. ನಡೆದು ಬರುವವರಾದರೆ ಅವರ ಮಾತು ಸರಿ. ಮೇಲ್ಸೇತುವೆ ಹತ್ತಿ ಇಳಿದರೆ ಐದು ನಿಮಿಷದಲ್ಲಿ ಆಚೆ ಕಡೆ. ಕಾರಿನಲ್ಲಿ ಬರುವವರಾದರೆ ಮಾತ್ರ, ತಪ್ಪು ಕಡೆಗೆ ಬಂದಿರೋ, ಸಂಜೆಯ ಹೊತ್ತಲ್ಲಿ ಅರ್ಧ ಗಂಟೆ ಹೋಯಿತು.

ಹಳಿಯ ಎರಡು ಪಕ್ಕದಲ್ಲಿ ಎರಡು ಊರೇ ಇವೆ. ಈಸ್ಟಿನದು ಹಳೆಯ ಮರಾಠಿ ಮಧ್ಯಮವರ್ಗದ ಪಾರ್ಲೆ: ಪಾರ್ಲೇಶ್ವರ ದೇವಸ್ಥಾನ, 1921ರಲ್ಲಿ ಶುರುವಾದ ಪಾರ್ಲೆ ಟಿಳಕ್ ವಿದ್ಯಾಲಯ, ಮಾಸ್ಟರ್ ದೀನಾನಾಥ್ ಮಂಗೇಶ್ಕರ್ ನಾಟ್ಯಗೃಹ. ಮರಾಠಿಯ ಪು.ಲ. ದೇಶಪಾಂಡೆ ಓದಿದ್ದು ಇದೇ ಶಾಲೆಯಲ್ಲಿ. ವೆಸ್ಟಿನಲ್ಲಿ ಮೀಠೀಬಾಯಿ ಕಾಲೇಜು, ನಾನಾವತಿ ಆಸ್ಪತ್ರೆ, ಕೂಪರ್ ಆಸ್ಪತ್ರೆ, ಇರ್ಲಾ ಮಾರ್ಕೆಟ್ಟು, ಅದರಾಚೆ ಜುಹು ಮತ್ತು ಸಮುದ್ರ. ಎರಡನ್ನೂ ನಕ್ಷೆಯಲ್ಲಿ ನೋಡಿದರೆ ಇಡೀ ಪಾರ್ಲೆ ಉತ್ತರ-ದಕ್ಷಿಣವಾಗಿ ಎಳೆದ ಪಟ್ಟಿಗಳ ನಡುವೆ ಸಿಕ್ಕಿಕೊಂಡಂತೆ ಕಾಣುತ್ತದೆ. ಎಸ್.ವಿ. ರೋಡು, ರೈಲು ಹಳಿ, ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ, ಅದರ ಪಕ್ಕಕ್ಕೆ ವಿಮಾನ ನಿಲ್ದಾಣದ ಗೋಡೆ. ಪಾರ್ಲೆ ಈಸ್ಟಿನ ಬಹುಪಾಲು ಎಂದರೆ ಹಳಿಗೂ ಹೈವೇಗೂ ನಡುವೆ ಇರುವ ಹದಿನೈದು ನಿಮಿಷದ ನಡಿಗೆ, ಅಷ್ಟೇ.

1867ರಲ್ಲಿ ವಿರಾರ್ ಕಡೆಯಿಂದ ಮೊದಲ ಲೋಕಲ್ ಓಡಿದಾಗ ಅಂಧೇರಿಗೆ ನಿಲ್ದಾಣವಿತ್ತು, ಪಾರ್ಲೆಗೆ ಇರಲಿಲ್ಲ. ಈಗಲೂ ಸಾಮಾನ್ಯವಾಗಿ ಫಾಸ್ಟ್ ಲೋಕಲ್ ಇಲ್ಲಿ ನಿಲ್ಲುವುದಿಲ್ಲ, ಸ್ಲೋ ಗಾಡಿಯೇ ಗತಿ. ಆದರೂ ಸ್ಟೇಷನ್ ಬಂದ ಮೇಲೆ ಅದರ ಸುತ್ತ ಬೆಳೆದ ಊರು ಕಾಲಳತೆಯಲ್ಲೇ ಬೆಳೆಯಿತು. ಶಾಲೆ, ತರಕಾರಿ, ದೇವಸ್ಥಾನ, ಡಾಕ್ಟರು, ನಾಟಕ, ಎಲ್ಲವೂ ಚಪ್ಪಲಿ ಹಾಕಿಕೊಂಡು ಹೋಗಿಬರುವ ದೂರದಲ್ಲಿ. ಇದನ್ನು ಯಾರೋ ಜಾಣ ಎಂಜಿನಿಯರು ಯೋಚಿಸಿ ಮಾಡಿದ್ದಲ್ಲ. ಆಗ ಕಾರು ಇದ್ದವರು ಕಡಿಮೆ, ಅದಕ್ಕೇ ಹಾಗಾಯಿತು.

ಬಿಸ್ಕತ್ತಿನ ವಿಷಯ ಬಿಡುವಂತಿಲ್ಲ. 1929ರಲ್ಲಿ ಶುರುವಾದ ಪಾರ್ಲೆ ಕಂಪನಿಗೆ ಈ ಊರಿನದೇ ಹೆಸರು. ಈಸ್ಟಿನಲ್ಲಿ ಹಳಿಗೆ ಹತ್ತಿರವಿದ್ದ ಕಾರ್ಖಾನೆ 2016ರಲ್ಲಿ ಮುಚ್ಚಿತು. ಅದಕ್ಕೂ ಮುಂಚೆ ಓಡಾಡಿದವರನ್ನು ಕೇಳಿ, ಕಣ್ಣು ಮುಚ್ಚಿ ನಿಂತಿದ್ದರೂ ಲೋಕಲ್ ಎಲ್ಲಿಗೆ ಬಂತು ಅಂತ ಮೂಗೇ ಹೇಳುತ್ತಿತ್ತು ಎನ್ನುತ್ತಾರೆ. ನನಗೆ ಆ ಪರಿಮಳಕ್ಕಿಂತ ಕುತೂಹಲ ಹುಟ್ಟಿಸಿದ್ದು ಕಂಪನಿಯ ವಿಳಾಸ: ನಾರ್ತ್ ಲೆವೆಲ್ ಕ್ರಾಸಿಂಗ್, ವಿಲೆ ಪಾರ್ಲೆ ಈಸ್ಟ್. ಹಳಿಯನ್ನು ನೆಲದ ಮೇಲೆಯೇ, ಗೇಟು ತೆಗೆಯುವವರೆಗೆ ಕಾದು ದಾಟುತ್ತಿದ್ದ ಕಾಲದ ಗುರುತು ಅದು.

ಈಗ ದಾಟಲು ಇರುವುದು ಕ್ಯಾಪ್ಟನ್ ವಿನಾಯಕ್ ಗೋರೆ ಫ್ಲೈಓವರ್. ದಕ್ಷಿಣಕ್ಕೆ ಸಾಂತಾಕ್ರೂಜ್ ಕಡೆ ಮಿಲನ್ ಸಬ್‌ವೇ ಉಂಟು. ಮಳೆ ಜೋರಾದ ದಿನ ಟಿ.ವಿ.ಯವರು ಕ್ಯಾಮೆರಾ ಹಿಡಿದು ಮೊದಲು ಓಡುವುದೇ ಆ ಕಡೆಗೆ, ಅಷ್ಟು ನೀರು. 2013ರಲ್ಲಿ ಅದರ ಮೇಲಕ್ಕೊಂದು ಸೇತುವೆ ಬಂತು. ಉತ್ತರಕ್ಕೆ ಅಂಧೇರಿಯ ಗೋಖಲೆ ಸೇತುವೆ. ಈ ಸೇತುವೆಯ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅಂಧೇರಿಯ ಕಾಯಿಲೆಗೆ ಪಥ್ಯ ಮಾಡಿದ್ದು ಪಾರ್ಲೆ.

2018ರ ಜುಲೈ 3ರ ಬೆಳಗ್ಗೆ ಗೋಖಲೆ ಸೇತುವೆಯ ಫುಟ್‌ಪಾತ್ ಭಾಗ ಕುಸಿದು ರೈಲು ಹಳಿಯ ಮೇಲೆ ಬಿತ್ತು. ಜೀವಹಾನಿಯೂ ಆಯಿತು. ಗಮನಿಸಿ, ಮುರಿದದ್ದು ಕಾರು ಓಡುವ ಭಾಗವಲ್ಲ, ಜನ ನಡೆಯುವ ಭಾಗ. 2022ರ ನವೆಂಬರಿನಲ್ಲಿ ಇಡೀ ಸೇತುವೆಯನ್ನೇ ಮುಚ್ಚಿದರು. ಆಗ ಪೊಲೀಸರು ಸೂಚಿಸಿದ ಬದಲಿ ದಾರಿಗಳಲ್ಲಿ ನಮ್ಮ ಗೋರೆ ಫ್ಲೈಓವರೂ ಒಂದು. ಅಲ್ಲಿಯವರೆಗೆ ಪಾರ್ಲೆಯನ್ನು ಹೈವೇ ಮೇಲಿಂದ ನೋಡಿದ್ದವರೆಲ್ಲ ಅದರ ಒಳಗಲ್ಲಿಗಳಿಗೆ ನುಗ್ಗಿದರು. ನೆಹರೂ ರೋಡು, ಹನುಮಾನ್ ರೋಡುಗಳೆಲ್ಲ ಸೈಕಲ್ಲು, ಶಾಲೆಯ ರಿಕ್ಷಾ, ತರಕಾರಿ ಗಾಡಿಗೆಂದು ಇದ್ದ ರಸ್ತೆಗಳು. ಅಲ್ಲಿ ಹಾರ್ನು ಹಾಕಿಕೊಂಡು ನಿಂತವರಲ್ಲಿ ಪಾರ್ಲೆಯವರೆಷ್ಟೋ, ಬರೀ ದಾಟಿ ಹೋಗುವವರೆಷ್ಟೋ.

2024ರ ಫೆಬ್ರವರಿಯಲ್ಲಿ ಹೊಸ ಗೋಖಲೆ ಸೇತುವೆಯ ಒಂದು ಪಕ್ಕ ತೆರೆಯಿತು. ತೆರೆದಾಗ ನೋಡಿದರೆ, ಅದಕ್ಕೆ ಕೂಡಬೇಕಾಗಿದ್ದ ಬರ್ಫೀವಾಲಾ ಫ್ಲೈಓವರ್ ಒಂದು ಮಟ್ಟದಲ್ಲಿ, ಇದು ಇನ್ನೊಂದು ಮಟ್ಟದಲ್ಲಿ! ಎರಡರ ಮಧ್ಯೆ ಮನುಷ್ಯನ ಎತ್ತರದ ಅಂತರ. ಮುಂಬಯಿ ಇಡೀ ನಕ್ಕಿತು, ಮೀಮು ಮಾಡಿತು. ಕೊನೆಗೆ ಬರ್ಫೀವಾಲಾವನ್ನು ಜಾಕಿ ಕೊಟ್ಟು ಎತ್ತಿ ಜೋಡಿಸಿದರು. ಸೇತುವೆ ಪೂರ್ತಿ ತೆರೆದದ್ದು 2025ರ ಮೇ ತಿಂಗಳಲ್ಲಿ. ಅಂದರೆ ಒಂದು ಸೇತುವೆ ಎರಡೂವರೆ ವರ್ಷ ಸರಿಯಾಗಿ ಇಲ್ಲದೆ ಹೋದದ್ದಕ್ಕೆ ಇಡೀ ಪಶ್ಚಿಮ ಉಪನಗರದ ಕಾರುಗಳು ಒದ್ದಾಡಿದವು. ಅದೇ ಎರಡೂವರೆ ವರ್ಷ, ಅಂಧೇರಿ ಪಾರ್ಲೆಗಳ ಪ್ಲಾಟ್‌ಫಾರ್ಮಿನಿಂದ ಲೋಕಲುಗಳು ದಿನವೂ ಜನರನ್ನು ತುಂಬಿಕೊಂಡು ಹೋಗುತ್ತಲೇ ಇದ್ದವು. ಇದರ ಬಗ್ಗೆ ಯಾರೂ ಮೀಮು ಮಾಡಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಪಾರ್ಲೆಯಿಂದ ಚರ್ಚ್‌ಗೇಟಿಗೆ ಸುಮಾರು 20 ಕಿಲೋಮೀಟರು, ಸೆಕೆಂಡ್ ಕ್ಲಾಸಿಗೆ 10 ರೂಪಾಯಿ. ಸ್ಟೇಷನ್ನಿನ ಹೊರಗೆ ರಿಕ್ಷಾ ಹತ್ತಿದರೆ ಮೊದಲ ಒಂದೂವರೆ ಕಿಲೋಮೀಟರಿಗೆ 26 ರೂಪಾಯಿ, 2025ರ ಫೆಬ್ರವರಿಯಿಂದ. ಬೆಸ್ಟ್ ಬಸ್ಸಿನ ಕನಿಷ್ಠ ಟಿಕೆಟ್ 2019ರಲ್ಲಿ 5 ರೂಪಾಯಿಗೆ ಇಳಿದಿತ್ತು. 2025ರ ಮೇ ತಿಂಗಳಲ್ಲಿ ಅದು 10 ಆಯಿತು, ಏಸಿಗೆ 12. ಅಂದರೆ ನಗರ ದಾಟುವುದು ಅಗ್ಗ, ಮನೆ ತಲುಪುವುದು ತುಟ್ಟಿ. ಕೂಪರ್ ಆಸ್ಪತ್ರೆಗೆ ಬರುವ ರೋಗಿಯ ಜೊತೆಗಾರರು, ಜುಹುವಿನ ಮನೆಗಳಿಗೆ ಅಡುಗೆ ಕಸಮುಸುರೆಗೆ ಹೋಗುವ ಹೆಂಗಸರು, ಹೋಟೆಲಿನ ನಮ್ಮ ಹುಡುಗರು, ಇವರಿಗೆ ಈ ಕೊನೆಯ ಎರಡು ಕಿಲೋಮೀಟರೇ ತಿಂಗಳ ಖರ್ಚು. ಅವರು ಬಸ್ಸು ಕಾಯುತ್ತಾರೆ, ಇಲ್ಲ ನಡೆಯುತ್ತಾರೆ.

ಆ ಬಸ್ಸೇ ಕರಗುತ್ತಿದೆ. ಒಂದು ಕಾಲದಲ್ಲಿ ನಾಲ್ಕು ಸಾವಿರ ದಾಟಿದ್ದ ಬೆಸ್ಟ್ ಬಸ್ಸುಗಳು ಈಗ ಮೂರು ಸಾವಿರದ ಒಳಗೆ. ಅವುಗಳಲ್ಲೂ ಬಹುಪಾಲು ಗುತ್ತಿಗೆದಾರರವು. ಹೋಲಿಕೆಗೆ, ಬೆಂಗಳೂರಿನ ಬಿಎಂಟಿಸಿ ಹತ್ತಿರ ಆರು ಸಾವಿರಕ್ಕೂ ಹೆಚ್ಚು ಬಸ್ಸುಗಳಿವೆ. "ಮುಂಬಯಿಯ ಸಾರ್ವಜನಿಕ ಸಾರಿಗೆ ನೋಡಿ ಕಲಿಯಿರಿ" ಎಂದು ಬೆಂಗಳೂರಿನ ತಂಗಿ-ಭಾವಂದಿರಿಗೆ ಉಪದೇಶ ಮಾಡುವ ನಾವು ಈ ಸಂಖ್ಯೆಯನ್ನು ಮಾತ್ರ ಹೇಳುವುದಿಲ್ಲ. ನಮ್ಮ ಹೆಮ್ಮೆಯೆಲ್ಲ ರೈಲಿನದು. ರೈಲು ಬ್ರಿಟಿಷರ ಕಾಲದ್ದು, ನಮಗೆ ಬಳುವಳಿಯಾಗಿ ಬಂದದ್ದು.

ನಾವು ಕಟ್ಟಿಕೊಂಡದ್ದೇನು ಅಂತ ನೋಡಿದರೆ, ತೊಂಬತ್ತರ ದಶಕದ ನಡುವೆ ಐವತ್ತೈದು ಫ್ಲೈಓವರುಗಳ ಯೋಜನೆ ಬಂತು. 2009ರಲ್ಲಿ ಬಾಂದ್ರಾ-ವರಳಿ ಸೀ ಲಿಂಕ್. 2024ರಿಂದ ಕೋಸ್ಟಲ್ ರೋಡ್. ಕೊನೆಯ ಎರಡರ ಮೇಲೆ ಸ್ಕೂಟರಿಗೂ ರಿಕ್ಷಾಕ್ಕೂ ಪ್ರವೇಶವೇ ಇಲ್ಲ. ಈಗ ಬಾಂದ್ರಾದಿಂದ ವರ್ಸೋವಾಕ್ಕೆ ಸಮುದ್ರದ ಮೇಲೆ ಇನ್ನೊಂದು ಸೇತುವೆ ನಡೆದಿದೆ, ಅದರ ಒಂದು ಕವಲು ಜುಹುವಿನಲ್ಲಿ ಇಳಿಯಬೇಕು. ಸಮುದ್ರದ ಮೇಲೆ ಸರಾಗವಾಗಿ ಬಂದ ಕಾರು ಜುಹುವಿನಲ್ಲಿ ಇಳಿದು ಎಲ್ಲಿಗೆ ಹೋಗುತ್ತದೆ? ಇರ್ಲಾಕ್ಕೆ, ಎಸ್.ವಿ. ರೋಡಿಗೆ, ಮತ್ತೆ ಅದೇ ಗೋರೆ ಫ್ಲೈಓವರಿಗೆ. 2024ರ ಅಕ್ಟೋಬರಿನಲ್ಲಿ ನಗರದ ಐದೂ ಪ್ರವೇಶ ನಾಕಾಗಳಲ್ಲಿ ಕಾರುಗಳಿಗೆ ಟೋಲ್ ಮನ್ನಾ ಆಯಿತು. ಏಳು ತಿಂಗಳಿಗೆ ಬಸ್ಸಿನ ಕನಿಷ್ಠ ಟಿಕೆಟ್ ದುಪ್ಪಟ್ಟಾಯಿತು. ಎರಡೂ ಬೇರೆ ಬೇರೆ ಕಚೇರಿಯ ತೀರ್ಮಾನ, ಒಂದಕ್ಕೊಂದು ಸಂಬಂಧವಿಲ್ಲ ಎನ್ನಬಹುದು. ಸಂಬಂಧವಿಲ್ಲದಿರುವುದೇ ನನ್ನ ತಕರಾರು.

ಕಾರು ಇರುವವರನ್ನು ಬೈಯುವುದು ಸುಲಭ. ಪಾರ್ಲೆ ಈಸ್ಟಿನ ಹಳೆಯ ಮೂರು ಮಾಳಿಗೆಯ ಕಟ್ಟಡಗಳಲ್ಲಿ ಈಗ ಎಪ್ಪತ್ತು ದಾಟಿದವರೇ ಹೆಚ್ಚು. ಮೊಣಕಾಲು ನೋವಿರುವ ಅಜ್ಜಿಗೆ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಅಂತ ಹೇಳಲಾಗುತ್ತದೆಯೇ? ಆ ಕಟ್ಟಡಗಳೂ ಒಂದೊಂದಾಗಿ ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ವಿಮಾನ ಇಳಿಯುವ ದಾರಿ ಇದಾದ್ದರಿಂದ ಎತ್ತರಕ್ಕೆ ಮಿತಿ ಇದೆ, ಹಾಗಾಗಿ ಬೊರಿವಲಿಯಂತೆ ಮೂವತ್ತು ನಲವತ್ತು ಮಾಳಿಗೆ ಏಳುವುದಿಲ್ಲ. ಆದರೂ ಹನ್ನೆರಡು ಮನೆಗೆ ಎರಡು ಸ್ಕೂಟರು ನಿಲ್ಲುತ್ತಿದ್ದ ಅಂಗಳದಲ್ಲಿ ಈಗ ಒಂದರ ಮೇಲೊಂದು ಕಾರು ಪೇರಿಸುವ ಯಂತ್ರ ಬರುತ್ತದೆ. ಕಟ್ಟಡ ಹಿಂದಕ್ಕೆ ಸರಿದರೂ ಗಲ್ಲಿ ಅಷ್ಟೇ ಅಗಲ. ಪಾರ್ಕಿಂಗ್ ಜಾಗ ತೋರಿಸದವರಿಗೆ ಕಾರು ನೋಂದಣಿ ಇಲ್ಲ ಎಂದು 2025ರಲ್ಲಿ ಸಾರಿಗೆ ಸಚಿವರು ಹೇಳಿದ್ದು ಸುದ್ದಿಯಾಯಿತು. ನನಗೆ ಅದರ ಮೇಲೆ ಅಷ್ಟೇನೂ ಭರವಸೆ ಇಲ್ಲ. ಜಾಗ ಇದ್ದವನ ಕಾರೂ ಬೆಳಗ್ಗೆ ಒಂಬತ್ತಕ್ಕೆ ರಸ್ತೆಗೇ ಬರಬೇಕಲ್ಲ.

ನಮ್ಮ ಕನ್ನಡ ಕಾರ್ಯಕ್ರಮಗಳ ಆಮಂತ್ರಣ ಪತ್ರಗಳಲ್ಲೂ ಈ ಬದಲಾವಣೆ ಕಾಣುತ್ತದೆ. ಮೊದಲೆಲ್ಲ ಕರ್ನಾಟಕ ಸಂಘಕ್ಕೆ ಮಾಟುಂಗಾ ರೋಡ್ ಸ್ಟೇಷನ್, ಮೈಸೂರು ಅಸೋಸಿಯೇಷನ್ನಿಗೆ ಮಾಟುಂಗಾ ಸೆಂಟ್ರಲ್, ಇಷ್ಟಿದ್ದರೆ ಸಾಕಿತ್ತು. ಅಧ್ಯಕ್ಷರ ಭಾಷಣ ಎಂಟೂವರೆಗೆ ಮುಗಿಯಲೇಬೇಕು, ಯಾಕೆಂದರೆ ಡೊಂಬಿವಲಿ, ವಸಯಿಯವರು ಎದ್ದು ಹೊರಡುತ್ತಾರೆ. ಯಕ್ಷಗಾನವೂ ಲೋಕಲ್ ಟೈಮ್‌ಟೇಬಲ್ಲಿಗೆ ಹೊಂದಿಕೊಂಡ ಊರು ಇದೊಂದೇ ಇರಬೇಕು. ಈಗ ಕೆಲವು ಪತ್ರಗಳ ಕೆಳಗೆ "ವಾಹನ ನಿಲುಗಡೆಗೆ ವ್ಯವಸ್ಥೆ ಇದೆ" ಎಂಬ ಸಾಲು. ಭಾಷಣಗಳೂ ಉದ್ದವಾಗಿವೆ.

ಮೆಟ್ರೋ ಬಂದದ್ದು ನಿಜವಾದ ಬದಲಾವಣೆ, ಅದರಲ್ಲಿ ಅನುಮಾನವಿಲ್ಲ. ನೆಲದೊಳಗಿನ ಮೂರನೇ ಲೈನು 2024ರ ಅಕ್ಟೋಬರಿನಲ್ಲಿ ಆರೆಯಿಂದ ಬಿಕೆಸಿವರೆಗೆ ಶುರುವಾಗಿ, 2025ರ ಅಕ್ಟೋಬರಿನಲ್ಲಿ ಕಫ್ ಪರೇಡ್ ಮುಟ್ಟಿತು. 33.5 ಕಿಲೋಮೀಟರು, ಕನಿಷ್ಠ 10, ಗರಿಷ್ಠ 70 ರೂಪಾಯಿ. ದೇಶೀಯ ವಿಮಾನಗಳ ಟರ್ಮಿನಲ್ ಒಂದು ಇರುವುದು ಪಾರ್ಲೆ ಈಸ್ಟಿನಲ್ಲಿ, ಅದಕ್ಕೂ ಈಗ ಮೆಟ್ರೋ ನಿಲ್ದಾಣ ಇದೆ. 2008ರಲ್ಲಿ ತೆರೆದ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಮೆಟ್ರೋ ಇನ್ನೂ ಕಂಬಗಳ ಮೇಲೆ ಏರುತ್ತಿರುವಾಗ ಇದು ಸಣ್ಣ ಮಾತಲ್ಲ. ಬ್ಯಾಗು ಹಿಡಿದು ಕಫ್ ಪರೇಡಿನಿಂದ ನೇರ ಇಲ್ಲಿಗೆ ಬರಬಹುದು. ಆದರೆ ಪಾರ್ಲೆಯವರಿಗೇ ಅಲ್ಲಿಗೆ ಹೋಗುವುದು ಕಷ್ಟ. ಮಧ್ಯೆ ಹೈವೇ ಅಡ್ಡ ಮಲಗಿದೆ. ಹೈವೇ ದಾಟುವ ಜಾಗಗಳನ್ನು ಕಾರಿನ ತಿರುವಿಗೆ ತಕ್ಕಂತೆ ಮಾಡಿದ್ದಾರೆ, ಮನುಷ್ಯನ ಕಾಲಿಗೆ ತಕ್ಕಂತೆ ಅಲ್ಲ. ರಿಕ್ಷಾದವರಿಗೆ ಅಷ್ಟು ಹತ್ತಿರದ ಬಾಡಿಗೆ ಬೇಡ. ಸ್ಟೇಷನ್ನಿಂದ ಹೊರಟು ಹತ್ತು ನಿಮಿಷಕ್ಕೊಂದರಂತೆ ಟರ್ಮಿನಲ್ಲಿಗೆ ಹೋಗಿಬರುವ ಒಂದು ಪುಟ್ಟ ಬಸ್ಸಿದ್ದರೆ ಅರ್ಧ ಸಮಸ್ಯೆ ಮುಗಿಯುತ್ತಿತ್ತು. ಸಾವಿರಾರು ಕೋಟಿ ಸುರಿದು ಸುರಂಗ ಕೊರೆದವರಿಗೆ ಆ ಪುಟ್ಟ ಬಸ್ಸು ಯಾಕೆ ಭಾರವಾಗುತ್ತದೋ!

ವೆಸ್ಟಿನಲ್ಲೂ ಎಸ್.ವಿ. ರೋಡಿನ ಮೇಲೆ 2ಬಿ ಲೈನಿನ ಕಂಬಗಳು ಎದ್ದಿವೆ. ನಾನಾವತಿ ಆಸ್ಪತ್ರೆಯ ಹೆಸರಿನಲ್ಲೇ ಒಂದು ನಿಲ್ದಾಣ ಬರಲಿದೆ. ಈ ಊರಿನವರು ಹೋಗಿ ನೋಡಬೇಕಾದದ್ದು ಮೇಲೆ ಏಳುತ್ತಿರುವ ನಿಲ್ದಾಣವನ್ನಲ್ಲ, ಅದರ ಕೆಳಗೆ ಮೆಟ್ಟಿಲು ಇಳಿಯುವ ಜಾಗದಲ್ಲಿ ಫುಟ್‌ಪಾತಿಗೆ ಎಷ್ಟು ಅಡಿ ಉಳಿಸಿದ್ದಾರೆ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದನ್ನು. ಕಾಂಕ್ರೀಟು ಗಟ್ಟಿಯಾದ ಮೇಲೆ ಕೇಳಿ ಪ್ರಯೋಜನವಿಲ್ಲ, ಬರ್ಫೀವಾಲಾ ಫ್ಲೈಓವರಿನಂತೆ ಎಲ್ಲವನ್ನೂ ಜಾಕಿ ಕೊಟ್ಟು ಎತ್ತಲಾಗುವುದಿಲ್ಲ.

ಯಾವತ್ತಾದರೂ ಭಾನುವಾರ ಬಿಡುವಿದ್ದರೆ ಸ್ಲೋ ಲೋಕಲ್ ಹಿಡಿದು ಪಾರ್ಲೆಯಲ್ಲಿ ಇಳಿಯಿರಿ. ಈಸ್ಟಿಗೆ ಬಂದು ಪಾರ್ಲೇಶ್ವರನಿಗೆ ಕೈಮುಗಿದು, ಒಂದು ಕಟಿಂಗ್ ಚಹಾ ಕುಡಿದು, ಹನುಮಾನ್ ರೋಡಿನ ಮರದ ನೆರಳಲ್ಲಿ ಹೈವೇ ಕಡೆಗೆ ನಡೆಯಿರಿ. ಹೈವೇ ಸಿಗುವವರೆಗೆ ಒಳ್ಳೆಯ ನಡಿಗೆ. ಅಲ್ಲಿಂದ ಆಚೆಗಿನ ಮೆಟ್ರೋ ನಿಲ್ದಾಣಕ್ಕೆ ರಿಕ್ಷಾ ಇಲ್ಲದೆ ಹೋಗಿ ನೋಡಿ, ಎಷ್ಟು ಹೊತ್ತಾಯಿತು ಅಂತ ಗಡಿಯಾರ ನೋಡಿಕೊಳ್ಳಿ. ಸಾಧ್ಯವಾದರೆ ಜೊತೆಗೆ ಅಮ್ಮನನ್ನೋ ಅತ್ತೆಯನ್ನೋ ಕರೆದುಕೊಂಡು ಹೋಗಿ, ಆಗ ಸರಿಯಾದ ಲೆಕ್ಕ ಸಿಗುತ್ತದೆ.