ಸುಮ್ಮ ಹೊಂಟೀವ್ರಿ

ನಮ್ಮ ಕಡೆ ಹೆಣ್ಮಗಳು ಹೊಸ್ತಿಲ ದಾಟಿದ್ಲು ಅಂದ್ರ ಓಣಿಯವ್ರು ಕೇಳೂ ಮಾತು ಒಂದ: "ಎಲ್ಲಿಗಿ ಹೊಂಟೀರಿ?" ಅದಕ್ಕ ಉತ್ತರ ತಯಾರ ಇರಬೇಕು. ದವಾಖಾನಿ, ಮದುವಿ, ಕುಬಸ, ಮಣ್ಣು, ಜಾತ್ರಿ, ಇಲ್ಲಾಂದ್ರ ತವರಮನಿ. ಇವು ಆರು ನಡೀತಾವ. "ಸುಮ್ಮ ಹೊಂಟೀನಿ" ಅಂದ್ರ ನಡ್ಯಂಗಿಲ್ಲ. ಸುಮ್ಮ ಹೋಗೂದು ಗಂಡಸರ ಕೆಲಸ. ಅವ್ರು ಚಾ ಕುಡಿಯಾಕ ಅಂತ ಹೋಗಿ ಸಂಜಿಗೆ ಬಂದ್ರೂ ಯಾರೂ ಕೇಳಂಗಿಲ್ಲ.

ಸಿನಿಮಾಕ್ಕೂ ನಮಗ ಒಂದು ನೆಪ ಬೇಕಾಗಿತ್ತು. 1992ರಾಗ ರಾಜಕುಮಾರ್ ಅವರ 'ಜೀವನ ಚೈತ್ರ' ಬಂತು. ಕುಡಿಯೂದು ಬಿಡಸೂ ಕತಿ ಅಂತ ಸುದ್ದಿ ಆಗಿತ್ತು. ಅದಕ್ಕ ನಮ್ಮ ಅತ್ತಿಯವ್ರು "ಚಲೋ ಸಿನಿಮಾ ಐತಂತ, ಹೋಗಿ ಬರ್ರಿ" ಅಂತ ತಾವ ಕಳಿಸಿದ್ರು. ಒಳ್ಳೇ ಬುದ್ಧಿ ಕಲಿಯಾಕ ಹೋಗಿದ್ವಿ ಅಂತ ಲೆಕ್ಕ. ನಾವು ನೋಡಿ ಖುಷಿಪಟ್ಟಿದ್ದು ಮಾತ್ರ ಹಾಡು, ಸೀರಿ, ಇಂಟ್ರವಲ್ಲಿನ ಶೇಂಗಾ.

ಪುಸ್ತಕದಂಗಡಿದೂ ಹಂಗ. ನಮ್ಮ ಕಡೆ ಪುಸ್ತಕದಂಗಡಿ ಅಂದ್ರ ಗೈಡು, ನೋಟ್‌ಬುಕ್, ಕಂಪಾಸ್ ಪೆಟಗಿ. ಮಕ್ಕಳ ಸಾಮಾನ ತರಾಕ ಹೋದಾಗ ಮೂಲ್ಯಾಗ ತೂಗಹಾಕಿದ ಸುಧಾ, ತರಂಗ ಕಣ್ಣಿಗೆ ಬೀಳ್ತಿದ್ವು. ಒಂದು ತಗೊಂಡು ನೋಟ್‌ಬುಕ್ಕಿನ ನಡುವ ಇಟಗೊಂಡು ಬರೂದು. ಕದ್ದ ತಂದಂಗ! ರೊಕ್ಕ ಕೊಟ್ಟ ತಂದದ್ದು, ಆದ್ರೂ ಹಂಗ.

ಜೂನ್ 11, 2023ರಿಂದ ಸರ್ಕಾರಿ ಬಸ್ಸಿನಾಗ ನಮಗ ರೊಕ್ಕ ಇಲ್ಲದ ಟಿಕೀಟು ಬಂತು. ಆಧಾರ್ ಕಾರ್ಡ ತೋರಿಸಿದ್ರ ಆತು. ಇನ್ನ ಎಲ್ಲಾರೂ ತಿರುಗಾಡೂದ ಅಂತ ನಾವೂ ಅಂದ್ಕೊಂಡ್ವಿ. ಮೊದಲನೇ ವರ್ಷ ಎಲ್ಲಿಗೆ ಹೋದ್ವಿ ಅಂತ ಲೆಕ್ಕ ಹಾಕಿದೆ. ಮತ್ತ ಅವ ಆರು! ದವಾಖಾನಿ, ಮದುವಿ, ಕುಬಸ, ಮಣ್ಣು, ಜಾತ್ರಿ, ತವರಮನಿ. ಟಿಕೀಟಿನ ರೊಕ್ಕ ಉಳೀತು, ನೆಪ ಬಿಡಲಿಲ್ಲ.

ನಮ್ಮ ನೆಗೆಣ್ಣಿ ಅಕ್ಕಂದು ಇನ್ನೂ ಬ್ಯಾರೆ. ಭಾವ ಹೋಗಿ ಮೂರು ವರ್ಷ ಆತು. ಮಕ್ಕಳು ಬೆಂಗಳೂರಾಗ. ಅಕ್ಕ ಹೊರಗ ಬರೂದು ಎರಡ ಕೆಲಸಕ್ಕ, ಸಕ್ಕರಿ ಚೆಕ್ ಮಾಡಸಾಕ, ಬ್ಯಾಂಕಿಗೆ. ಡಾಕ್ಟರು "ದಿನಾ ಅರ್ಧ ತಾಸು ನಡೀರಿ" ಅಂದ್ರ ಅಕ್ಕ ಮನ್ಯಾಗ ಪಡಸಾಲಿಯಿಂದ ಅಡಿಗಿಮನಿಗೆ ನಡದು ತೋರಸ್ತಿದ್ಲು. "ಗಂಡ ಸತ್ತಾಕಿ ಸಂಜಿ ಹೊತ್ತು ಅಡ್ಡಾಡಿದ್ರ ಮಂದಿ ಏನಂತಾರವ್ವಾ?" ಅನ್ನೂದು ಆಕಿ ಮಾತು.

ಅಕ್ಕನ ತವರು ಲಿಂಗಸುಗೂರು. ಸಿಂಧನೂರಿಂದ ಹೋಗೂ ದಾರ್ಯಾಗ ನಡುವ ಮಸ್ಕಿ ಬರ್ತೈತಿ. ಮದುವಿ ಆದಾಗಿಂದ ಎಷ್ಟೋ ಸಲ ಅಕ್ಕ ಆ ಊರು ದಾಟ್ಯಾಳ. ಒಂದು ಸಲನೂ ಇಳದಿದ್ದಿಲ್ಲ. "ಮಸ್ಕಿ ಬಂತು, ಅರ್ಧ ದಾರಿ ಆತು" ಅನ್ನೂದು ಅಷ್ಟ.

ಹೋದ ಕಾರ್ತೀಕದಾಗ ನಾವು ಓಣಿಯ ನಾಕು ಮಂದಿ ಅಕ್ಕನ್ನ ಎಬ್ಬಿಸಿಕೊಂಡು ಹೊಂಟ್ವಿ. ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ, ಮೊಸರನ್ನ ಕಟಗೊಂಡಿದ್ವಿ. ಬಸ್ಸಿನಾಗ ಒಬ್ಬಾಕಿ ಆಯಿ ಬುತ್ತಿ ಗಂಟು ನೋಡಿ "ಯಾರ ಮನ್ಯಾಗ ಕಾರ್ಯಾರ್ಯವಾ?" ಅಂತ ಕೇಳಿದ್ಲು. ಬಾಜೂಮನಿಯಾಕಿ "ದವಾಖಾನಿಗೆ" ಅನ್ನಾಕ ಬಾಯಿ ತಗದಿದ್ಲು. ಅಷ್ಟರಾಗ ನಮ್ಮ ಅಕ್ಕ ಅಂದ್ಲು: "ಇಲ್ರಿ, ಸುಮ್ಮ ಹೊಂಟೀವ್ರಿ. ನೋಡಾಕ." ಆಯಿ ಒಂದು ಗಳಿಗಿ ಸುಮ್ಮನಿದ್ದು, "ಚಲೋ ಮಾಡಿದ್ರಿ ಬಿಡ್ರಿ" ಅಂದು ಎಲಿ ಅಡಿಕಿ ತಗದು ಅಕ್ಕಗ ಕೊಟ್ಲು.

ಮಸ್ಕಿ ಶಾಸನ ಅಂದ್ರ ನಾನು ಪಿಯುಸಿ ಇತಿಹಾಸದಾಗ ಉರು ಹೊಡದದ್ದು. 1915ರಾಗ ಬೀಡನ್ ಅನ್ನೂ ಗಣಿ ಎಂಜಿನಿಯರು ಬಂಗಾರ ಹುಡುಕಾಕ ಬಂದವ್ರು, ಸಿಕ್ಕದ್ದು ಈ ಬಂಡಿ. ಅದಕ್ಕಿಂತ ಮೊದಲ ಸಿಕ್ಕ ಶಾಸನದಾಗ ರಾಜನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತ ಅಷ್ಟ ಇತ್ತು. ಅಶೋಕ ಅನ್ನೂ ಹೆಸರು ಮೊದಲ ಸಲ ಸಿಕ್ಕದ್ದು ನಮ್ಮ ಮಸ್ಕಿಯಾಗ. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷಾ. ನಮಗ ಒಂದಕ್ಷರ ಓದಾಕ ಬರಂಗಿಲ್ಲ. ಅದರ ಅರ್ಥ ಮಾತ್ರ ನನಗ ನೆನಪಿತ್ತು, ಅಕ್ಕಗ ಹೇಳಿದೆ: ಧರ್ಮದಾಗ ನಡದ್ರ ಸಣ್ಣವ್ರಿಗೂ ಮ್ಯಾಲಿನ ಫಲ ಸಿಗತೈತಿ, ಅದು ದೊಡ್ಡವ್ರಿಗಷ್ಟ ಅಂತ ತಿಳಕೋಬಾರದು ಅಂತ ಬರಸ್ಯಾನ.

ಅಕ್ಕ ಬಂಡಿ ನೋಡಕೋತ ಭಾಳ ಹೊತ್ತು ನಿಂತ್ಲು. "ಇದು ಇಷ್ಟ ದಿನ ಇಲ್ಲೇ ಇತ್ತೇನವ್ವಾ? ನಾನು ಬಸ್ಸಿನಾಗ ಕಣ್ಣ ಮುಚಗೊಂಡು ಕೂತಿರ್ತಿದ್ದೆ" ಅಂದ್ಲು. ಎಲ್ಲಾರೂ ನಕ್ವಿ, ಅಕ್ಕನೂ ನಕ್ಲು. ಭಾವ ಹೋದಮ್ಯಾಲೆ ಆಕಿ ಹಲ್ಲು ಕಾಣೂವಂಗ ನಕ್ಕದ್ದು ನಾ ನೋಡಿದ್ದಿಲ್ಲ.

ಆಮ್ಯಾಲ ಗುಡ್ಡದ ಮಲ್ಲಯ್ಯಗ ಕೈ ಮುಗದು ನೆಳ್ಳಾಗ ಬುತ್ತಿ ಬಿಚ್ಚಿದ್ವಿ. ಬರಬೇಕಾದ್ರ ಬಸ್ ಸ್ಟ್ಯಾಂಡಿನ ಕಡೆ ವಗ್ಗರಣಿ ಮಿರ್ಚಿ ತಿಂದ್ವಿ. ರಾತ್ರಿ ಮಗ ಫೋನ್ ಮಾಡಿ "ಯಾಕ ಹೋಗಿದ್ದಿಬೇ?" ಅಂತ ಕೇಳಿದನಂತ. "ನೋಡಾಕ ಹೋಗಿದ್ದೆ, ಯಾಕ ಅಂದ್ರ ಏನು?" ಅಂತ ಅಕ್ಕ ತಿರಗ ಕೇಳ್ಯಾಳ. ಈಗ ದಿನಾ ಸಂಜಿ ಐದೂವರಿಗೆ ಆಕಿನ ಬಂದು ನಮ್ಮ ಬಾಗಲ ಬಡೀತಾಳ, ನಡಿಯಾಕ ಹೋಗೂಣು ಬಾ ಅಂತ. ಸಕ್ಕರಿ ಇಳದದ್ದು ಬಿಟ್ಟದ್ದು ಡಾಕ್ಟರು ಹೇಳಲಿ, ಮಾರಿ ಮ್ಯಾಗ ಕಳಿ ಬಂದದ್ದು ನಾ ಹೇಳ್ತೀನಿ.

ಯಕ್ಕಗಳಿರಾ, ತಂಗಿಗಳಿರಾ, ಮುಂದಿನ ಸಲ ಮುದಗಲ್ಲ ಕ್ವಾಟಿ. ಲಿಂಗಸುಗೂರಾಗ ಅಕ್ಕನ ತವರಮನಿಯಾಗ ಚಾ ಕುಡದು ಅಲ್ಲಿಂದ ಬಸ್ ಹಿಡಿಯೂದು. ಬ್ಯಾಸಗಿಯೊಳಗ ನಮ್ಮ ಕಡೆ ಬಂಡಿ ಕಾಯ್ತಾವ, ಅದಕ್ಕ ಶಿವರಾತ್ರಿ ಒಳಗ ಹೋಗಿ ಬರೂಣು. ಆಧಾರ್ ಕಾರ್ಡ, ನೀರಿನ ಬಾಟ್ಲಿ, ಕಾಲಿಗೆ ಹಿಡಿತ ಇರೂ ಚಪ್ಪಲಿ ಮರೀಬ್ಯಾಡ್ರಿ. ರೊಟ್ಟಿ ನಾನು ತರ್ತೀನಿ, ಪಲ್ಯಾ ನೀವು ತರ್ರಿ. ನೆಪ ಯಾರೂ ತರೂದು ಬ್ಯಾಡ.