ಎಲ್4 ಇರೋದೆಲ್ಲಿ?

ನಮ್ಮ ಇಂಟರ್ನಲ್ಸ್ ಪ್ರಶ್ನೆಪತ್ರಿಕೆಯಲ್ಲಿ ಮಾರ್ಕ್ಸ್ ಪಕ್ಕ ಇನ್ನೊಂದು ಪುಟ್ಟ ಕಾಲಂ ಇರುತ್ತೆ, ಗಮನಿಸಿದ್ದೀರಾ? ಎಲ್1, ಎಲ್2, ಎಲ್3 ಅಂತ. ನನ್ನ ರೂಮ್‌ಮೇಟ್ ಒಂದಿಡೀ ಸೆಮಿಸ್ಟರ್ ಅದನ್ನ ಲೆಸನ್ ನಂಬರ್ ಅಂದ್ಕೊಂಡಿದ್ದ. ಅದು ಬ್ಲೂಮ್ಸ್ ಟ್ಯಾಕ್ಸಾನಮಿಯ ಲೆವೆಲ್. ನೆನಪಿಟ್ಟುಕೊಳ್ಳೋದು ಎಲ್1, ಅರ್ಥ ಮಾಡಿಕೊಳ್ಳೋದು ಎಲ್2, ಅನ್ವಯಿಸೋದು ಎಲ್3. ಅದರ ಮೇಲೆ ವಿಶ್ಲೇಷಣೆ, ಮೌಲ್ಯಮಾಪನ, ಸೃಷ್ಟಿ. ಈ ಕೊನೇ ಮೂರಕ್ಕೆ ಹೈಯರ್ ಆರ್ಡರ್ ಥಿಂಕಿಂಗ್ ಅಂತಾರೆ. ಸ್ಕೂಲಲ್ಲಿ ಇದನ್ನೇ ‘ಹಾಟ್ಸ್’ ಅಂತಿದ್ರು. ಗೈಡ್‌ನಲ್ಲಿ ಹಾಟ್ಸ್ ಪ್ರಶ್ನೆ, ಅದರ ಕೆಳಗೇ ಉತ್ತರ. ಅದನ್ನೂ ಬಾಯಿಪಾಠ ಮಾಡಿ ಬರೀತಿದ್ವಿ!

ಕಾಲೇಜಲ್ಲೂ ದೊಡ್ಡ ವ್ಯತ್ಯಾಸ ಇಲ್ಲ. ಎಲ್4 ಅಂತ ಗುರುತು ಹಾಕಿದ ಹತ್ತು ಮಾರ್ಕ್ಸಿನ ಪ್ರಶ್ನೆ ಹಿಂದಿನ ರಾತ್ರಿನೇ ಕ್ವೆಶ್ಚನ್ ಬ್ಯಾಂಕ್ ಪಿಡಿಎಫ್ ಆಗಿ ವಾಟ್ಸ್ಆ್ಯಪ್‌ಗೆ ಬಂದಿರುತ್ತೆ. ಅಂಕಿಗಳೂ ಅವೇ. ಪತ್ರಿಕೆ ಪ್ರಕಾರ ನಾವು ಮಾಡಿದ್ದು ವಿಶ್ಲೇಷಣೆ. ನಿಜಕ್ಕೂ ನಡೆದಿದ್ದು ಎಲ್1.

ತಮಾಷೆ ಅಂದ್ರೆ ಬ್ಲೂಮ್ ಇದನ್ನ ಮೊದಲೇ ಹೇಳಿದ್ದರು. ಬೆಂಜಮಿನ್ ಬ್ಲೂಮ್ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆಗಳ ಕೆಲಸ ನೋಡಿಕೊಳ್ತಿದ್ದವರು. ವಿಶ್ವವಿದ್ಯಾಲಯಗಳು ಪರೀಕ್ಷಾ ಪ್ರಶ್ನೆಗಳನ್ನ ಹಂಚಿಕೊಳ್ಳೋಕೆ ಒಂದು ಸಾಮಾನ್ಯ ಭಾಷೆ ಬೇಕು ಅಂತ ಶುರುವಾದ ಕೆಲಸ 1956ರಲ್ಲಿ ಪುಸ್ತಕವಾಯ್ತು. ಈಗ ನಾವು ಬಳಸೋ ಆರು ಕ್ರಿಯಾಪದಗಳು 2001ರ ಪರಿಷ್ಕರಣೆಯವು. ಮೂಲ ಪುಸ್ತಕದಲ್ಲೇ ಒಂದು ಎಚ್ಚರಿಕೆ ಇದೆ: ವಿದ್ಯಾರ್ಥಿ ಮೊದಲು ಏನು ಕಲಿತಿದ್ದಾನೆ ಅಂತ ಗೊತ್ತಿಲ್ಲದೆ ಒಂದು ಪ್ರಶ್ನೆಯ ಮಟ್ಟ ಹೇಳೋಕಾಗಲ್ಲ. ಅಂದ್ರೆ ಎಲ್4 ಅನ್ನೋದು ಪ್ರಶ್ನೆಯಲ್ಲಿರೋ ‘ಅನಲೈಜ್’ ಅನ್ನೋ ಪದದಲ್ಲಿ ಇಲ್ಲ. ಅದಕ್ಕೂ ಮೊದಲು ಕ್ಲಾಸಲ್ಲಿ ಏನು ನಡೀತು ಅನ್ನೋದರಲ್ಲಿದೆ.

ಅಂಥ ಒಂದು ಕ್ಲಾಸ್ ನನಗೆ ಸಿಕ್ಕಿದೆ, ಬೇಸಿಕ್ ಎಲೆಕ್ಟ್ರಿಕಲ್‌ನಲ್ಲಿ. ಮೇಡಂ ಬೋರ್ಡ್ ಮೇಲೆ 220 ವೋಲ್ಟಿನ ಎರಡು ಫಿಲಮೆಂಟ್ ಬಲ್ಬ್ ಬರೆದರು, 40 ವ್ಯಾಟ್ ಒಂದು, 100 ವ್ಯಾಟ್ ಒಂದು. ಸೀರೀಸ್‌ನಲ್ಲಿ ಹಾಕಿದ್ರೆ ಯಾವುದು ಜಾಸ್ತಿ ಬೆಳಗುತ್ತೆ? ಫಾರ್ಮುಲಾ ಬರೀಬೇಡಿ, ಮೊದಲು ಕೈ ಎತ್ತಿ ಅಂದ್ರು. ಬಹುಪಾಲು ಕೈ 100 ವ್ಯಾಟ್‌ಗೆ. ಸರಿನೋ ತಪ್ಪೋ ಹೇಳಲಿಲ್ಲ. “ಪಕ್ಕದವರನ್ನ ಒಪ್ಪಿಸಿ, ಮೂರು ನಿಮಿಷ” ಅಂದ್ರು ಅಷ್ಟೇ.

ಕ್ಲಾಸ್ ಒಳಗೆ ಸಂತೆ. ಇನ್ನೊಂದು ವಿಷಯ ಆವತ್ತು ಕಿವಿಗೆ ಬಿತ್ತು: ಇಡೀ ಜಗಳ ಕನ್ನಡದಲ್ಲಿ ನಡೀತಿತ್ತು. “ಲೇ, ಸೀರೀಸ್ ಅಂದ್ಮೇಲೆ ಕರೆಂಟ್ ಎರಡಕ್ಕೂ ಒಂದೇ ಕಣೋ, ಹಾಗಾದ್ರೆ ರೆಸಿಸ್ಟೆನ್ಸ್ ಯಾವುದಕ್ಕೆ ಜಾಸ್ತಿ ಹೇಳು.” ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಡೆಫಿನಿಷನ್ ಕೇಳಿದ್ರೆ ಇಂಗ್ಲಿಷಲ್ಲಿ ಬರುತ್ತೆ. ಆದ್ರೆ ‘ಹೌದಾ? ಯಾಕೆ?’ ಅನ್ನೋದು ಮಾತ್ರ ಕನ್ನಡದಲ್ಲೇ ಹುಟ್ಟುತ್ತೆ. ಬಾಯಿ ಬಿಡೋಕೇ ಅವಕಾಶ ಇಲ್ಲದ ಕ್ಲಾಸಲ್ಲಿ ಆ ‘ಯಾಕೆ’ ಎಲ್ಲಿಂದ ಬರಬೇಕು?

ಲೆಕ್ಕ ಆಮೇಲೆ ಬಂತು. 40 ವ್ಯಾಟ್‌ನದು 1210 ಓಮ್, 100 ವ್ಯಾಟ್‌ನದು 484 ಓಮ್. ಕರೆಂಟ್ ಒಂದೇ ಆದ್ದರಿಂದ ಚಿಕ್ಕ ಬಲ್ಬೇ ಎರಡೂವರೆ ಪಟ್ಟು ಪವರ್ ತಗೊಳ್ಳುತ್ತೆ. ಅಲ್ಲಿಗೆ ಮುಗೀಬೇಕಿತ್ತು. ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: “ಮೇಡಂ, ಬಿಸಿಯಾದಾಗ ಫಿಲಮೆಂಟ್ ರೆಸಿಸ್ಟೆನ್ಸ್ ಜಾಸ್ತಿಯಾಗುತ್ತಲ್ವಾ? ಸರಿಯಾಗಿ ಬಿಸಿನೇ ಆಗದ 100 ವ್ಯಾಟ್‌ಗೆ 484 ಹೇಗೆ ಬರುತ್ತೆ?” ಬರಲ್ಲ. ತುಂಬಾ ಕಮ್ಮಿ ಇರುತ್ತೆ. ಅದಕ್ಕೇ ನಿಜವಾಗಿ ಜೋಡಿಸಿದ್ರೆ 100 ವ್ಯಾಟ್ ಬಲ್ಬ್ ಉರಿಯೋದೇ ಕಾಣಲ್ಲ ಅನ್ನಬಹುದು. ಕಾಲಂ ಇಲ್ಲದೆ, ಮಾರ್ಕ್ಸ್ ಇಲ್ಲದೆ ಬಂದ ಆ ಪ್ರಶ್ನೆಗೆ ಯಾವ ಎಲ್ ಕೊಡ್ತೀರಿ?

ಹಾರ್ವರ್ಡ್‌ನ ಫಿಸಿಕ್ಸ್ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದಿಂದ ಹೀಗೇ ಪಾಠ ಮಾಡ್ತಾ ಬಂದಿದ್ದಾರೆ ಅಂತ ಆಮೇಲೆ ಓದಿದೆ. ಮೊದಲು ವೋಟ್, ಪಕ್ಕದವರ ಜೊತೆ ವಾದ, ಮತ್ತೆ ವೋಟ್. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ. ಬೇಕಾಗಿರೋದು ಟೈಮ್. ಐದು ಮಾಡ್ಯೂಲ್, ನಲವತ್ತು ಗಂಟೆ, ಪೋರ್ಷನ್ ಮುಗಿಸಲೇಬೇಕು ಅನ್ನೋ ಒತ್ತಡ ಲೆಕ್ಚರರ್‌ಗಳಿಗೂ ಇದೆ, ಒಪ್ತೀನಿ. ಆ ಬಲ್ಬುಗಳಿಗೆ ಹನ್ನೆರಡು ನಿಮಿಷ ಹೋಯ್ತು. ಆದ್ರೆ ಅದೇ ಗಂಟೆಯ ಉಳಿದ ಭಾಗದಲ್ಲಿ ಬರೆಸಿದ ನೋಟ್ಸ್ ಯಾವುದರ ಬಗ್ಗೆ ಅಂತ ಈಗ ಕೇಳಿದ್ರೆ ನಮ್ಮ ಬೆಂಚಲ್ಲಿ ಯಾರಿಗೂ ಗೊತ್ತಿಲ್ಲ.

ಈಗ ನಮ್ಮ ನಾಲ್ಕು ಜನರ ಗುಂಪು ಕ್ವೆಶ್ಚನ್ ಬ್ಯಾಂಕಿನ ಪ್ರತಿ ಲೆಕ್ಕದಲ್ಲಿ ಒಂದು ವಿಷಯ ಕೆಡಿಸಿ ಬಿಡಿಸುತ್ತೆ. ಈ ವಾರದ್ದು: ಟ್ರಾನ್ಸ್‌ಫಾರ್ಮರ್ ಪ್ರೈಮರಿಗೆ ಎಸಿ ಬದಲು ಅಷ್ಟೇ ವೋಲ್ಟಿನ ಡಿಸಿ ಕೊಟ್ರೆ ಏನಾಗುತ್ತೆ? ಕ್ಯಾಂಟೀನ್‌ನಲ್ಲಿ ಎರಡು ರೌಂಡ್ ಟೀ ಆಯ್ತು, ಇಬ್ಬರು ಇನ್ನೂ ಒಪ್ಪಿಲ್ಲ.