28 ದಿನ, 60 ದಿನ



ಏಪ್ರಿಲ್‌ನಲ್ಲಿ ಲಂಡನ್‌ಗೆ ಹೋಗಿದ್ದೆ. ಬಾಬಾಸಾಹೇಬರು 1921-22ರಲ್ಲಿ ಇದ್ದ ಕಿಂಗ್ ಹೆನ್ರೀಸ್ ರೋಡಿನ 10ನೇ ನಂಬರ್ ಮನೆ ನೋಡಿದೆ. ಅಲ್ಲಿಂದ ಬಾಡಿಗೆ ಕಾರಲ್ಲಿ ವುಲ್ವರ್‌ಹ್ಯಾಂಪ್ಟನ್‌ನ ನಮ್ಮ ಬಂಧುಗಳ ಬುದ್ಧ ವಿಹಾರಕ್ಕೆ ಹೋದೆ.

ಮೂರು ತಿಂಗಳಾದ ಮೇಲೆ ಅಲ್ಲಿನ ಪೊಲೀಸರ ನೋಟಿಸು ಮನೆಗೆ ಬಂತು. 30 ಮೈಲಿ ಮಿತಿಯ ರಸ್ತೆಯಲ್ಲಿ 38 ಮೈಲಿ ವೇಗ. ನಮ್ಮ ಲೆಕ್ಕದಲ್ಲಿ 48 ಕಿಲೋಮೀಟರ್ ಇರಬೇಕಾದಲ್ಲಿ 61. ಅದಕ್ಕೂ ಮುಂಚೆನೇ ಬಾಡಿಗೆ ಕಂಪನಿ ನನ್ನ ಕಾರ್ಡಿಂದ ದುಡ್ಡು ಹಿಡ್ಕೊಂಡಿತ್ತು. ಅದೇ ದಂಡ ಅಂದ್ಕೊಂಡು ಸುಮ್ನಿದ್ದೆ. ಅಲ್ಲ, ಅದು ಪೊಲೀಸರಿಗೆ ನನ್ನ ಹೆಸರು ಕೊಟ್ಟಿದ್ದಕ್ಕೆ ಅವರ ಚಾರ್ಜು. ದಂಡ ಬೇರೆ.

"ಬಿಡಣ್ಣ, ಅವ್ರೇನು ನಮ್ಮೂರಿಗೆ ಬರ್ತಾರಾ?" ಅಂದ ಒಬ್ಬ ತಮ್ಮ. "14 ದಿನ ದಾಟಿದ್ರೆ ನೋಟಿಸೇ ನಡೆಯಲ್ಲ" ಅಂದ ಇನ್ನೊಬ್ಬ. ವಿಚಾರಿಸಿದೆ. ಆ 14 ದಿನ ಕಾರಿನ ಮಾಲೀಕರಿಗೆ, ಅಂದ್ರೆ ಬಾಡಿಗೆ ಕಂಪನಿಗೆ ಹೋಗೋ ಮೊದಲ ನೋಟಿಸಿಗೆ ಮಾತ್ರ. ಓಡಿಸಿದವರು ಯಾರು ಅಂತ 28 ದಿನದೊಳಗೆ ನಾನು ಹೇಳಲೇಬೇಕು. ಹೇಳದಿದ್ರೆ ಅದೇ ಬೇರೆ ಅಪರಾಧ, 1,000 ಪೌಂಡ್‌ವರೆಗೆ ದಂಡ.

ಆದ್ರೂ ಬಿಟ್ಟುಬಿಡೋಣ ಅಂತ ನನಗೂ ಅನ್ನಿಸ್ತು, ಸುಳ್ಳು ಹೇಳಲ್ಲ.

ಅದೇ ವಾರ ಡಿವೈಎಸ್ಪಿ ಕಚೇರಿಗೆ ಹೋಗಿದ್ದೆ. ನಮ್ಮ ಕಾಲೋನಿ ಹುಡುಗನ ಮೇಲಿನ ಹಲ್ಲೆ ಕೇಸು. ದೌರ್ಜನ್ಯ ತಡೆ ನಿಯಮದ ಪ್ರಕಾರ 60 ದಿನದಲ್ಲಿ ತನಿಖೆ ಮುಗಿದು ಚಾರ್ಜ್‌ಶೀಟ್ ಆಗಬೇಕು. ಅವತ್ತಿಗೆ 74 ದಿನ. ಅಲ್ಲಿದ್ದವರು ತಲೆ ಎತ್ತದೆ ಅಂದರು: "ಬಿಡ್ರಿ, ಆಗ್ತದೆ."

ಬಿಡಣ್ಣ. ಬಿಡ್ರಿ. ಎರಡೂ ಒಂದೇ ಮಾತು.

ರಾತ್ರಿ ಕೂತು ಫಾರಂ ತುಂಬಿದೆ. ಕಾರು ಓಡಿಸಿದವರು: ನಾನು. ಕೆಲವು ವಾರದ ಮೇಲೆ 100 ಪೌಂಡ್ ಅಂತ ಪತ್ರ ಬಂತು. ಒಂದು ತಿಂಗಳ ಮನೆ ಬಾಡಿಗೆ ಹೋಯ್ತು. ಕಟ್ಟಿದೆ.

ಇಂಗ್ಲೆಂಡನ್ನ ಹೊಗಳೋಕೆ ಇದನ್ನ ಬರೀತಿಲ್ಲ. ಜಾತಿ ತಾರತಮ್ಯವನ್ನ ಸಮಾನತೆ ಕಾಯ್ದೆಯಲ್ಲಿ ಸೇರಿಸಲ್ಲ ಅಂತ 2018ರಲ್ಲಿ ಕೈ ತೊಳ್ಕೊಂಡ ಸರ್ಕಾರ ಅಲ್ಲಿನದು. ನಾನು ಹೇಳ್ತಿರೋದು ನಮ್ಮ ಬಗ್ಗೆ. ನನ್ನ 28 ದಿನವನ್ನ ನುಂಗಿ ನೀರು ಕುಡಿದವನು ಅವರ 60 ದಿನವನ್ನ ಯಾವ ಬಾಯಲ್ಲಿ ಕೇಳಲಿ? ಕಾನೂನು ಬಿಟ್ರೆ ನಮ್ಮ ಕೈಯಲ್ಲಿ ಇನ್ನೇನಿದೆ?

ಚಾರ್ಜ್‌ಶೀಟ್ ಇನ್ನೂ ಆಗಿಲ್ಲ. ಇವತ್ತಿಗೆ 131ನೇ ದಿನ. ಸೋಮವಾರ ಬೆಳಿಗ್ಗೆ ಮತ್ತೆ ಹೋಗ್ತಿದ್ದೀನಿ. ಬರೋರು ಬನ್ನಿ.

ಜೈಭೀಮ್.